ಮಗ್ಗಲು ಬದಲಿಸುವ ಹಾಸಿಗೆ

ದವಾಖಾನೆಗಳಿಗೆ ಯಂತ್ರ ಮಾಡಿಕೊಡುವ ಹುಬ್ಬಳ್ಳಿಯ ಆ ಕೇಂದ್ರಕ್ಕೆ ಹೊಸದಾಗಿ ಸೇರಿದ ಎಂಜಿನಿಯರರಿಗೆ ಮೊದಲು ಕೊಡುತ್ತಿದ್ದದ್ದು ಸ್ಕ್ರೂಡ್ರೈವರ್ ಅಲ್ಲ, ಕೂರಲು ಒಂದು ಸ್ಟೂಲು. ಅದನ್ನು ದವಾಖಾನೆಯ ವಾರ್ಡಿನ ಮೂಲೆಗೆ ಹಾಕಿಕೊಂಡು ತಿಂಗಳುಗಟ್ಟಲೆ ಸುಮ್ಮನೆ ನೋಡುತ್ತಿರಬೇಕು. ಡಾಕ್ಟರಿಗೆ ಬುದ್ಧಿ ಹೇಳಬಾರದು, ರೋಗಿಗೆ ಸಮಾಧಾನ ಹೇಳಬಾರದು, ತಲೆಯಲ್ಲಿ ಯಾವ ಯಂತ್ರವನ್ನೂ ಕಟ್ಟಬಾರದು. ಯಾರಿಗೆ ಏನು ಕೊರತೆಯಾಗಿದೆ, ಯಾವುದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ, ಅದನ್ನಷ್ಟೇ ಹುಡುಕಬೇಕು. "ಯಂತ್ರ ಮಾಡೋರಿಗೇನು ಕಡಿಮಿಲ್ಲ. ಮಾಡಿದ್ದು ಯಾರಿಗೆ ಬೇಕಾಗಿತ್ತು ಅಂತ ಕೇಳೋರ ಇಲ್ಲ" ಅನ್ನುವುದು ಕೇಂದ್ರದ ಮುಖ್ಯಸ್ಥ ಸವಣೂರ ಸರ್ ಅವರ ಮಾತು. ಮಾತಿನಲ್ಲಿ ಸುಳ್ಳಿರಲಿಲ್ಲ. ಹೊರದೇಶದಿಂದ ತಂದ ಯಂತ್ರಗಳು ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ದವಾಖಾನೆಗಳ ಉಗ್ರಾಣದಲ್ಲಿ ಒದ್ದೆ ಬಟ್ಟೆ ಹರವಲು ಬಳಕೆಯಾಗುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು.

ನೋಡಿ ನೋಡಿ ಸಾಕಾದ ಮೇಲೆ ಒಂದು ವಾಕ್ಯ ಬರೆಯಬೇಕಿತ್ತು. ಯಾರಿಗೆ, ಯಾವ ತೊಂದರೆ, ಏನಾದರೆ ಅದು ತಪ್ಪೀತು, ಇಷ್ಟೂ ಒಂದೇ ವಾಕ್ಯದಲ್ಲಿ. ಕೊರತೆ ವಾಕ್ಯ ಅಂತ ಅದಕ್ಕೆ ಹೆಸರು. ಸವಣೂರ ಸರ್ ಒಪ್ಪಿದರೆ ಅದನ್ನು ತಂಡದ ಕೋಣೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಸುತ್ತಿದ್ದರು. ಆಮೇಲೆ ಏನೇ ತಕರಾರು ಬರಲಿ, ಗೋಡೆಗೆ ಕೈ ತೋರಿಸಿದರೆ ಮುಗಿಯಿತು. ವಾಕ್ಯದಲ್ಲಿ ಇದ್ದದ್ದು ಯಂತ್ರದಲ್ಲಿರಬೇಕು. ವಾಕ್ಯದಲ್ಲಿ ಇಲ್ಲದ್ದಕ್ಕೆ ಯಂತ್ರದಲ್ಲಿ ಜಾಗವಿಲ್ಲ.

ರಾಣೆಬೆನ್ನೂರಿನ ದಾನೇಶ್ವರಿ ಇಂಥ ಸ್ಟೂಲಿನ ಮೇಲೆ ಕೂತಿದ್ದಾಗಲೇ ಕಸ್ತೂರಿಯನ್ನು ಕಂಡದ್ದು.

ಆಗೇನು ವಿಜ್ಞಾನ ಹಿಂದೆ ಬಿದ್ದಿತ್ತು ಅಂತಲ್ಲ. ಮನುಷ್ಯನ ಗುಂಡಿಗೆಯನ್ನೇ ಅಚ್ಚು ಹಾಕಿ ಎದೆಯಲ್ಲಿ ಕೂಡಿಸುವ ಕಾಲ ಅದು. ಅದೇ ದವಾಖಾನೆಯ ಮೇಲಿನ ಮಾಳಿಗೆಯಲ್ಲಿ ಯಂತ್ರದ ಕೈಗಳು ಕೂದಲಿನಷ್ಟು ಸಣ್ಣ ನರ ಹೊಲಿಯುತ್ತಿದ್ದವು. ಕೆಳಗಿನ ವಾರ್ಡಿನಲ್ಲಿ ಮಾತ್ರ ಕಸ್ತೂರಿ ತನ್ನ ಗಂಡನನ್ನು ರಟ್ಟೆಯ ಬಲದಿಂದಲೇ ಹೊಳ್ಳಿಸಿ, ಮಗ್ಗಲು ತಿರುಗಿಸಿ ಮಲಗಿಸುತ್ತಿದ್ದಳು. ಗಂಡ ಚನ್ನವೀರ ಲೈನ್‌ಮನ್ ಆಗಿದ್ದವನು, ಕಂಬದಿಂದ ಬಿದ್ದು ಕುತ್ತಿಗೆ ಮುರಿದಿತ್ತು, ತಲೆಗೂ ಪೆಟ್ಟಾಗಿ ಮಾತು ಹೋಗಿತ್ತು. ಆಡುತ್ತಿದ್ದದ್ದು ಕಣ್ಣಷ್ಟೇ. ಕಿವಿ ಕೇಳುತ್ತದೋ ಇಲ್ಲವೋ ಯಾರಿಗೂ ನಿಕ್ಕಿ ಗೊತ್ತಿರಲಿಲ್ಲ. ಮೂಗಿನ ನಳಿಗೆಯಿಂದ ಗಂಜಿ ಇಳಿಸುತ್ತಿದ್ದರು. ಆಳು ಮಾತ್ರ ಆನೆಯಂಥವನು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಮೈಯ ಭಾರಕ್ಕೆ ಮೈಯೇ ಕೊಳೆಯುತ್ತದೆ. ಕೊಳೆತೂ ಇತ್ತು. ಸೊಂಟದ ಮೇಲೆ ಅಂಗೈ ಅಗಲದ ಹುಣ್ಣು, ಅದರ ನಾತಕ್ಕೆ ಪಕ್ಕದ ಮಂಚದವರು ಮೂಗಿಗೆ ಸೆರಗು ಹಿಡಿಯುತ್ತಿದ್ದರು. ನರ್ಸಮ್ಮ ಬಂದು "ಹೊಳ್ಳಿಸ್ರಿ, ಹೊಳ್ಳಿಸ್ರಿ" ಅಂತ ಹೇಳಿ ಹೋಗುವಳು. ಇಡೀ ವಾರ್ಡಿಗೆ ಆಕೆ ಒಬ್ಬಳೇ, ಆಕೆಯಾದರೂ ಏನು ಮಾಡಿಯಾಳು.

ಸುಮ್ಮನೆ ನೋಡಬೇಕು ಅನ್ನುವ ನಿಯಮ ಮುರಿದು ದಾನೇಶ್ವರಿ ಒಂದು ದಿನ ಕೇಳಿಯೇಬಿಟ್ಟಳು. "ಕಸ್ತೂರಕ್ಕ, ನಿಮಗ ಏನು ಸಿಕ್ಕರ ಚಲೋ ಆಗ್ತದ?"

ಕಸ್ತೂರಿ ಗಂಡನ ಬೆನ್ನಿಗೆ ದಿಂಬು ಒತ್ತುತ್ತಿದ್ದವಳು ತಿರುಗಿ ನೋಡಲೂ ಇಲ್ಲ. "ನಿದ್ದಿ ಬೇಕ್ರಿ ಅಕ್ಕಾರ. ಒಂದ ರಾತ್ರಿ ಪೂರ್ತಿ ನಿದ್ದಿ. ನನ್ನ ತೋಳು ಕಡದು ಬೀಳಾಕತ್ತಾವ."

ಆ ಮಾತನ್ನು ದಾನೇಶ್ವರಿ ಹಾಗೇ ಬರೆದುಕೊಂಡಳು. ತಂಡದಲ್ಲಿ ಅವಳ ಜೊತೆಗಿದ್ದವಳು ಡಾಕ್ಟರ್ ಫರೀದಾ ಮುಜಾವರ. ಇಬ್ಬರೂ ಕೂತು, ಹತ್ತಾರು ಸಲ ಬರೆದು ಹರಿದು, ಕೊನೆಗೆ ಒಂದು ವಾಕ್ಯಕ್ಕೆ ಬಂದರು: "ಅಲುಗಾಡಲಾರದ ರೋಗಿಯನ್ನು ಮನೆಯವರ ಕೈ ತಾಕದೆ ವೇಳೆಗೆ ಸರಿಯಾಗಿ ಮಗ್ಗಲು ಬದಲಿಸಿ ಹಾಸಿಗೆ ಹುಣ್ಣು ತಡೆಯುವ ದಾರಿ ಬೇಕು." ಮನೆಯವರ ಕೈ ತಾಕದೆ ಅನ್ನುವ ಮಾತು ದಾನೇಶ್ವರಿಯದು. ಕಸ್ತೂರಿಯ ತೋಳು ನೆನೆದು ಹಾಕಿದ್ದು. ಸವಣೂರ ಸರ್ ಓದಿ, "ಇದು ನೋಡ್ರಿ ವಾಕ್ಯ" ಅಂದಾಗ ಅವಳಿಗೆ ಹೆಮ್ಮೆಯಾಯಿತು. ಹೆಮ್ಮೆಪಡುವಂಥದೇ ಆಗಿತ್ತು.

ದವಾಖಾನೆಯವರು ಚನ್ನವೀರನನ್ನು ಮನೆಗೆ ಕಳಿಸಿದ ಮೇಲೆ ದಾನೇಶ್ವರಿ ಕ್ಯಾಮರಾ ಹಿಡಿದು ಬೆಟಗೇರಿಗೆ ಹೋದಳು. ತುಂಬಿದ ಮನೆ. ಅತ್ತೆ ಗೌರವ್ವ, ಮೈದುನ, ಅವನ ಹೆಂಡತಿ, ಅವರ ಮಕ್ಕಳು. ಪಡಸಾಲೆಯ ನಡುವೆ ಚನ್ನವೀರನ ಮಂಚ, ಓಡಾಡುವವರೆಲ್ಲ ಅದನ್ನು ಸುತ್ತಿಕೊಂಡೇ ಓಡಾಡಬೇಕು. ಕಸ್ತೂರಿ ಹೊಳ್ಳಿಸುವುದನ್ನು ಆಕೆ ದಿನಗಟ್ಟಲೆ ಚಿತ್ರೀಕರಿಸಿಕೊಂಡಳು. ಕೇಂದ್ರಕ್ಕೆ ಮರಳಿ ಅದನ್ನು ತುಂಡು ತುಂಡು ಮಾಡಿ ನೋಡಿದಳು. ಎಳೆಯುವುದು, ತಳ್ಳುವುದು, ದಿಂಬು ಕೊಡುವುದು, ಇಷ್ಟು ಕೆಲಸ. ಉಳಿದದ್ದಕ್ಕೆ "ಇತರೆ" ಅಂತ ಹೆಸರಿಟ್ಟಳು. ಹೊಳ್ಳಿಸಿದ ಮೇಲೆ ಕಸ್ತೂರಿ ಕೂಸಿಗೆ ತಟ್ಟುವಂತೆ ಗಂಡನ ಬೆನ್ನು ತಟ್ಟುತ್ತಿದ್ದಳು, ಅವನು ಗೊರಗೊರ ಅಂತ ಕೆಮ್ಮಿದರೆ ಬಾಯಿ ಒರೆಸುತ್ತಿದ್ದಳು, ಕಣ್ಣಿನ ಪಿಸುರು ತೆಗೆಯುತ್ತಿದ್ದಳು, ಓಣಿಯಲ್ಲಿ ಯಾರ ಸೊಸೆ ಯಾರ ಜೊತೆ ಜಗಳಾಡಿದಳು ಅಂತ ಹೇಳುತ್ತಿದ್ದಳು. ಲೆಕ್ಕ ಹಾಕಿದರೆ ಕೆಲಸಕ್ಕಿಂತ ಇತರೆಯೇ ಜಾಸ್ತಿ. ಸಭೆಯಲ್ಲಿ ದಾನೇಶ್ವರಿ ಅದನ್ನು ತೆರೆಯ ಮೇಲೆ ತೋರಿಸಿ, "ನಮ್ಮ ಹಾಸಿಗಿ ಬಂದರ ಆಕಿಗೆ ಇಷ್ಟೂ ಹೊತ್ತು ಉಳೀತದ" ಅಂದಳು. ಎಲ್ಲರೂ ತಲೆದೂಗಿದರು. ಫರೀದಾ ಕೂಡ.

ಹಾಸಿಗೆಯ ಗುಟ್ಟು ಅದರ ಎಳೆಯಲ್ಲಿತ್ತು. ಸಣ್ಣ ಕರೆಂಟು ಹರಿದರೆ ಬೆಚ್ಚಗಾಗಿ ಕುಗ್ಗುವ, ನಿಂತರೆ ಹಿಗ್ಗುವ ಹೊಸ ನಮೂನೆಯ ಎಳೆ. ಮೈಯೊಳಗಿನ ಸ್ನಾಯು ಮಾಡುವುದೂ ಅದನ್ನೇ. ಅಂಥ ಎಳೆಗಳನ್ನು ಹತ್ತಿ ನೂಲಿನ ಜೊತೆ ಬೆಟಗೇರಿಯ ಮಗ್ಗದಲ್ಲೇ ನೇಯಿಸಿ, ಪದರದ ಮೇಲೆ ಪದರ ಹೊಲಿದು ದಪ್ಪ ಹಾಸು ಮಾಡಿದ್ದರು. ಅದರ ಮೇಲೆ ಮಲಗಿದವನನ್ನು ಹಾಸೇ ಮೆಲ್ಲಗೆ ಎತ್ತಿ, ಜಾರಿಸಿ, ಮಗ್ಗಲಿಗೆ ಹೊಳ್ಳಿಸುತ್ತಿತ್ತು. ಮೋಟಾರಿಲ್ಲ, ಸದ್ದಿಲ್ಲ. ತಳ್ಳುವ ಎಳೆಯೇ ಭಾರವನ್ನೂ ಅಳೆಯುತ್ತಿತ್ತು. ಎಲ್ಲಿ ಮೈ ಹೆಚ್ಚು ಒತ್ತುತ್ತಿದೆ ಅನ್ನುವುದು ಹುಬ್ಬಳ್ಳಿಯ ಕೇಂದ್ರದ ತೆರೆಯ ಮೇಲೆ ಮನುಷ್ಯಾಕಾರದಲ್ಲಿ ಮೂಡುತ್ತಿತ್ತು. ಒತ್ತಿದ ಕಡೆ ಕೆಂಪು, ಹಗುರಾದ ಕಡೆ ಹಸಿರು.

ಒಂದು ಕಿರಿಕಿರಿ ಇತ್ತು. ತೆರೆಯ ಮೇಲಿನ ಚಿತ್ರ ನಿಲ್ಲುತ್ತಿರಲಿಲ್ಲ, ಸದಾ ಸಣ್ಣಗೆ ನಡುಗುತ್ತಿತ್ತು. ಉಸಿರಿಗೆ ಎದೆ ಏರಿಳಿದಾಗ ಭಾರ ಆಚೀಚೆ ಆಗುತ್ತದಲ್ಲ, ಅದರ ನಡುಕ. ಆ ನಡುಕದಿಂದ ಅಳತೆ ಕೆಡುತ್ತದೆ ಅಂತ ದಾನೇಶ್ವರಿಯೇ ಕೂತು ಲೆಕ್ಕ ಬರೆದು ಅದನ್ನು ಸೋಸಿ ತೆಗೆದಳು. ಚಿತ್ರ ಸ್ಥಿರವಾಯಿತು. ಸವಣೂರ ಸರ್ ಬೆನ್ನು ಚಪ್ಪರಿಸಿದರು.

ಫರೀದಾ ಒಬ್ಬಳೇ ತಗಾದೆ ತೆಗೆದಿದ್ದಳು. "ಉಸುರಿಂದೂ ಒಂದು ಗಂಟಿ ಇರ್ಲಿ, ದಾನೇಶ್ವರಿ. ಇಂಥಾ ಪೇಶಂಟ್ ಮಂದಿಗೆ ಎದ್ಯಾಗ ಕಫ ಕಟ್ಟೋದು ಭಾಳ."

ಗಂಟೆಯನ್ನೂ ಮಾಡಿ ನೋಡಿದ್ದರು. ಬೆರಳಿಗೆ ಸಿಕ್ಕಿಸುವ ಚಿಮಟಿಗೆ, ಉಸಿರು ಕೆಟ್ಟರೆ ಕೂಗುವಂಥದು. ಹಾಸಿಗೆ ಹೊಳ್ಳಿಸಿದಾಗಲೆಲ್ಲ ಅದು ಕಳಚಿ ಬಿದ್ದು ಅರಚಿಕೊಳ್ಳುತ್ತಿತ್ತು. ಪರೀಕ್ಷೆಗೆ ಹಾಸಿಗೆ ಇಟ್ಟ ಬೆಟಗೇರಿಯ ಮನೆಯಲ್ಲಿ ಎರಡು ರಾತ್ರಿ ಇಡೀ ಓಣಿ ಎದ್ದು ಕೂತಿತು. ಮೂರನೆಯ ದಿನ ಕಸ್ತೂರಿಯೇ ಫೋನು ಮಾಡಿದಳು. "ಅಕ್ಕಾರ, ನಿದ್ದಿ ಸಲುವಾಗಿ ಹಾಸಿಗಿ ತಂದ್ರಿ. ಇದು ನಿದ್ದಿಗೆಡಿಸಾಕತ್ತೈತಿ. ತಗದುಬಿಡ್ರಿ." ದಾನೇಶ್ವರಿ ಫರೀದಾಗೆ ಗೋಡೆ ತೋರಿಸಿದಳು. "ಒಂದು ಕೊರತೆಗೆ ಒಂದು ಯಂತ್ರ. ಉಸುರು ನಮ್ಮ ವಾಕ್ಯದಾಗ ಎಲ್ಲೈತಿ ತೋರಿಸು." ಫರೀದಾ ಓದಿದಳು, ತೋರಿಸಲು ಆಗಲಿಲ್ಲ. ಚಿಮಟಿಗೆ ಹೋಯಿತು.

ಆಮೇಲೆ ಆ ಮನೆಗೆ ಸುಖದ ದಿನಗಳು ಬಂದವು. ಸುಳ್ಳು ಯಾಕೆ ಹೇಳಬೇಕು, ನಿಜವಾಗಿಯೂ ಬಂದವು.

ಚಿಮಟಿಗೆ ಹೋದ ಮೊದಲ ರಾತ್ರಿ ಕಸ್ತೂರಿ ಮಲಗಿದವಳು ಬಿಸಿಲೇರಿದರೂ ಏಳಲಿಲ್ಲ. ಗೌರವ್ವ ಗಾಬರಿಬಿದ್ದು ಸೊಸೆಯ ಭುಜ ಹಿಡಿದು ಅಲುಗಾಡಿಸಿದಳು. ಕಣ್ಣು ಬಿಟ್ಟ ಕಸ್ತೂರಿ ಅತ್ತೆಯ ಮುಖ ನೋಡಿ ನಾಚಿಕೊಂಡಳಂತೆ. ಚನ್ನವೀರನ ಸೊಂಟದ ಹುಣ್ಣು ಮಾಗಿ ಮೇಲೆ ಹೊಸ ಚರ್ಮ ಬಂತು. ಮನೆಯ ನಾತ ಹೋಯಿತು. ಹಾಸಿಗೆಗೆ ಮೂರು ಪಿನ್ನಿನ ದೊಡ್ಡ ಪ್ಲಗ್ಗು ಬೇಕಾಗಿತ್ತು, ಅದು ಇದ್ದದ್ದು ಹಿಂದಿನ ಕೋಣೆಯಲ್ಲಿ. ಹಾಗಾಗಿ ಅವನ ಮಂಚ ಅಲ್ಲಿಗೆ ಹೋಯಿತು, ಪಡಸಾಲೆಯಲ್ಲಿ ಮಕ್ಕಳು ಮತ್ತೆ ಕೂಗಾಡಿ ಆಡತೊಡಗಿದರು. ಕಸ್ತೂರಿ ರೊಟ್ಟಿ ಕೇಂದ್ರಕ್ಕೆ ಕೆಲಸಕ್ಕೆ ಹೋದಳು. ಇಷ್ಟು ದಿನ ಗಂಡನನ್ನು ಎತ್ತಿದ ತೋಳುಗಳಿಗೆ ಜೋಳದ ಹಿಟ್ಟು ಬಡಿಯುವುದು ಲೆಕ್ಕಕ್ಕೇ ಇರಲಿಲ್ಲ. ಜೊತೆಯ ಹೆಂಗಸರ ಜೊತೆ ನಗುವುದನ್ನೂ ಮತ್ತೆ ಕಲಿತಳು.

ಯಾರೂ ಅವನನ್ನು ಅಲಕ್ಷ್ಯ ಮಾಡಲಿಲ್ಲ. ಕಸ್ತೂರಿ ಮುಂಜಾನೆ ಮೈ ಒರೆಸುತ್ತಿದ್ದಳು, ಸಂಜೆ ಬಂದು ಮುಖ ತೊಳೆಸುತ್ತಿದ್ದಳು. ಹಗಲು ಗೌರವ್ವ ನಳಿಗೆಯ ಚೀಲಕ್ಕೆ ಗಂಜಿ ಸುರಿದು ಗೂಟಕ್ಕೆ ತೂಗುಹಾಕುವಳು. ಹೋಗಿ ಬರುವವರು ಬಾಗಿಲಲ್ಲಿ ಇಣುಕುವರು. ಆಗ ಎಡಕ್ಕಿದ್ದವನು ಈಗ ಬಲಕ್ಕಿದ್ದಾನೆ, ಅಂದರೆ ಎಲ್ಲ ಸರಿಯಿದೆ. ಮಗ್ಗಲು ಬದಲಾದದ್ದೇ ಅವರಿಗೆ ಧೈರ್ಯ.

ಒಮ್ಮೆ ದಾನೇಶ್ವರಿ ನೋಡಲು ಬಂದಾಗ ಚನ್ನವೀರನ ಕಣ್ಣಿಂದ ನೀರು ಇಳಿಯುತ್ತಿತ್ತು. ಅವಳು ಕರವಸ್ತ್ರದಿಂದ ಒರೆಸಿದಳು, ಮತ್ತೆ ಇಳಿಯಿತು. ಗೌರವ್ವ ಬಾಗಿಲಿಂದ, "ಹುಣ್ಣು ಮಾಗೇತೆಲ್ಲ ತಂಗಿ, ಸಂತೋಷಕ್ಕ ಬರ್ತಾವ" ಅಂದಳು. ದಾನೇಶ್ವರಿ ನಂಬಿದಳು. ನಂಬುವುದು ಅವಳಿಗೆ ಬೇಕಾಗಿತ್ತು, ಪಾಪ.

ಅವನು ಸತ್ತ ದಿನ ದಾನೇಶ್ವರಿ ಕೇಂದ್ರದಲ್ಲಿ ಅವನ ಎದುರಿಗೇ ಕೂತಿದ್ದಳು. ಎದುರಿಗೆ ಅಂದರೆ ತೆರೆಯ ಮೇಲಿನ ಅವನ ಹಸಿರು ಆಕಾರದ ಎದುರಿಗೆ. ಸರ್ಕಾರದವರು ಇನ್ನೂ ಮುನ್ನೂರು ಹಾಸಿಗೆ ಕೇಳಿದ್ದರು, ಅದರ ವರದಿ ಬರೆಯುವ ಗಡಿಬಿಡಿ. ಬುತ್ತಿಯನ್ನೂ ಅಲ್ಲೇ ಬಿಚ್ಚಿಕೊಂಡಳು. ಚಪಾತಿ ಮುರಿಯುತ್ತ ನಡುನಡುವೆ ತಲೆಯೆತ್ತಿ ನೋಡುವಳು. ಆಕಾರ ಎಡಕ್ಕೆ ಹೊಳ್ಳಿತು, ಆಮೇಲೆ ಬಲಕ್ಕೆ ಹೊಳ್ಳಿತು. ಹಸಿರು, ಎಲ್ಲ ಹಸಿರು.

ದೀಪ ಹಚ್ಚುವ ಹೊತ್ತಿಗೆ ಫರೀದಾ ಓಡಿ ಬಂದಳು. ಕಸ್ತೂರಿಯ ಮೈದುನ ಅವಳಿಗೆ ಫೋನು ಮಾಡಿದ್ದ. ಇಬ್ಬರೂ ಕಾರು ಹತ್ತಿದರು. ಬೆಟಗೇರಿ ಮುಟ್ಟಿದಾಗ ಕತ್ತಲಾಗಿತ್ತು.

ಮನೆಯ ಮುಂದೆ ಓಣಿಯ ಮಂದಿ ನೆರೆದಿತ್ತು. ಒಳಗೆ ಆದದ್ದನ್ನು ಅವರೇ ಹೇಳಿದರು. ಕೆಲಸದಿಂದ ಬಂದ ಕಸ್ತೂರಿ ಬಿಸಿನೀರಿನ ಬಟ್ಟೆ ಹಿಂಡಿಕೊಂಡು ಗಂಡನ ಮುಖ ಒರೆಸಲು ಬಾಗಿದಳು. ಮೈಗೆ ಕೈ ತಾಗಿದರೆ ಹಾಸಿನ ಕಾವಿಗೆ ಬೆಚ್ಚಗಿತ್ತು, ಮುಖ ಮಾತ್ರ ತಣ್ಣಗಿತ್ತು. ಆಕೆ ಬಟ್ಟೆ ಹಿಡಿದುಕೊಂಡು ಹಾಗೇ ಕೆಳಗೆ ಕೂತುಬಿಟ್ಟಳು. ಮಂದಿ ಸೇರಿತು. ಗೌರವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು. ಆಗ ವೇಳೆಯಾಯಿತು ನೋಡಿ, ಎಲ್ಲರ ಕಣ್ಣೆದುರಿಗೇ ಚನ್ನವೀರ ಮೆಲ್ಲಗೆ ಮಗ್ಗಲು ಬದಲಿಸಿದ. ಗೌರವ್ವನ ಅಳು ಗಕ್ಕನೆ ನಿಂತಿತು. ಮಗ ಹೊಳ್ಳಿದ, ನನ್ನ ಮಗ ಬದುಕ್ಯಾನ ಅಂತ ಆಕೆ ಅವನ ಮೇಲೆ ಬಿದ್ದು ಕೆನ್ನೆ ತಟ್ಟತೊಡಗಿದಳು. ಇಬ್ಬರು ಹೆಂಗಸರು ಹಿಡಿದೆಳೆದರೂ ಬಿಡಲಿಲ್ಲ. ಯಾರೋ ಪ್ಲಗ್ಗು ಕಿತ್ತರು. ಕರೆಂಟು ಹೋದರೂ ರೋಗಿಗೆ ತೊಂದರೆಯಾಗಬಾರದು ಅಂತ ದಾನೇಶ್ವರಿಯೇ ಒಳಗೆ ಬ್ಯಾಟರಿ ಕೂಡಿಸಿದ್ದಳು. ಅವಳು ಬಂದು ಬಂದ್ ಮಾಡುವವರೆಗೂ ಹಾಸಿಗೆ ತನ್ನ ಕೆಲಸ ಮಾಡುತ್ತಲೇ ಇತ್ತು.

ಓಣಿಯ ಡಾಕ್ಟರು ಹೊರಗೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದರು. "ಯಾವಾಗ ಹೋದ ಅಂತ ಬರೀಬೇಕ್ರಿ ನಾ? ಸತ್ತ ಮ್ಯಾಲೆ ರಕ್ತ ಕೆಳಗಿನ ಮಗ್ಗಲಕ್ಕ ಇಳದು ಕಲಿ ಮೂಡ್ತಾವ. ಇವನ ಮೈಮ್ಯಾಲೆ ಒಂದೂ ಇಲ್ಲ. ಮೈ ಬಿಸಿ ಆರಿಲ್ಲ, ಕೈಕಾಲು ಸೆಟದಿಲ್ಲ. ಚರ್ಮ ನೋಡಿದ್ರ ಆರಾಮ ಇದ್ದಾಂವನ ಚರ್ಮ." ಫರೀದಾ ಒಳಗೆ ಹೋಗಿ ಎದೆ, ಬೆನ್ನು, ಬಾಯಿ ನೋಡಿ ಬಂದಳು. ಬಂದವಳು ದಾನೇಶ್ವರಿಯ ಮುಖ ನೋಡದೆ ಹೇಳಿದಳು. "ಎದಿ ತುಂಬ ಕಫ ಕಟ್ಟೇದ. ಬೆನ್ನು ತಟ್ಟಿ ಕಫ ಸಡಲು ಮಾಡೋದು ನಿಂತಿತ್ತಲ್ಲ."

ಇತರೆ, ಅಂತ ದಾನೇಶ್ವರಿಗೆ ಹೊಳೆಯಿತು. ಆಕೆ ಕಟ್ಟೆಯ ಮೇಲೆ ಕೂತಳು.

ಆ ವಾರವೆಲ್ಲ ಆಕೆ ಕೇಂದ್ರ ಬಿಟ್ಟು ಅಲುಗಲಿಲ್ಲ. ಹಾಸಿಗೆ ಕಳಿಸಿದ ಅಳತೆಗಳಿಂದ ತಾನು ಸೋಸಿ ತೆಗೆದ ನಡುಕವನ್ನು ಮರಳಿ ಕೂಡಿಸಿ, ಚನ್ನವೀರನ ಕೊನೆಯ ಹಗಲನ್ನು ತೆರೆಯ ಮೇಲೆ ಬಿಡಿಸಿದಳು. ಬೆರಳಿನ ಚಿಮಟಿಗೆಯೂ ಬೇಕಿರಲಿಲ್ಲ, ಗಂಟೆಯೂ ಬೇಕಿರಲಿಲ್ಲ. ಹಾಸಿಗೆಗೆ ಎಲ್ಲ ಗೊತ್ತಿತ್ತು. ಅದನ್ನು ಕೇಳಿದವರಿರಲಿಲ್ಲ, ಅಷ್ಟೆ. ಬೆಳಕು ಹರಿಯುವಾಗಲೇ ಅವನ ಉಸಿರು ಮೇಲುಸಿರಾಗಿತ್ತು. ಕಸ್ತೂರಿ ಮನೆ ಬಿಡುವಾಗ ಅದು ನಾಯಿ ತೇಕಿದ ಹಾಗೆ ಓಡುತ್ತಿತ್ತು. ಗೌರವ್ವ ಗಂಜಿ ತೂಗುಹಾಕಿ ಹೋದಾಗಲೂ ಇತ್ತು. ಮಕ್ಕಳು ಶಾಲೆಯಿಂದ ಬಂದು ಕೋಣೆಯ ಮುಂದೆ ಚೀಲ ಎಸೆದಾಗಲೂ ಇತ್ತು. ಆಮೇಲೆ ಬಿಟ್ಟು ಬಿಟ್ಟು ಬಂತು. ಆಮೇಲೆ ಗೆರೆ ನೆಟ್ಟಗಾಯಿತು. ಮನೆ ತುಂಬ ಮಂದಿ ಓಡಾಡುತ್ತಿರುವಾಗ, ಹುಬ್ಬಳ್ಳಿಯಲ್ಲಿ ತಾನು ಎದುರಿಗೇ ಕೂತಿರುವಾಗ, ಅವನು ದಿನವಿಡೀ ಒಬ್ಬನೇ ಒದ್ದಾಡಿ ಸತ್ತಿದ್ದ. ದಾನೇಶ್ವರಿ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತಳು.

ಅತ್ತು ಮುಗಿಸಿ ಸವಣೂರ ಸರ್ ಹತ್ತಿರ ಹೋದಳು. ಅವರು ಗೆರೆಗಳನ್ನೆಲ್ಲ ಸಾವಕಾಶ ನೋಡಿದರು. ಅವರೇನು ಕಟುಕರಲ್ಲ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಸರ್, ಸೋಸೋದನ್ನ ತಗದುಬಿಟ್ಟರ ಸಾಕು. ಉಸುರು ಹೆಚ್ಚುಕಮ್ಮಿ ಆದರ ಹಾಸಿಗಿನ ಹೇಳ್ತದ. ಎರಡು ದಿನದ ಕೆಲಸ."

"ಎರಡು ದಿನದ ಕೆಲಸ ಖರೆ. ಆದರ ಮಂಜೂರಾಗಿದ್ದು ಸೋಸಿದ ಹಾಸಿಗಿ. ಬದಲು ಮಾಡಿದ್ರ ಮೊದಲಿಂದ ಪರೀಕ್ಷಾ, ಮೊದಲಿಂದ ಮಂಜೂರಿ. ವರ್ಷಾನುಗಟ್ಟಲೆ ಹಿಡೀತದ. ಅಲ್ಲೀತನ ಆ ಮುನ್ನೂರು ಮಂದಿ ಕೊಳತು ಸಾಯಬೇಕೇನು?"

"ಈಗ ಕೊಳೀದೆ ಸಾಯ್ತಾರ, ಸರ್."

ಸವಣೂರ ಸರ್ ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ತಂಡದ ಕೋಣೆಯ ಗೋಡೆ ತೋರಿಸಿದರು. ಆ ವಾಕ್ಯಕ್ಕೆ ಹಾಸಿಗೆ ಪೂರ್ತಿ ಉತ್ತರ ಕೊಟ್ಟಿದೆ, ಚನ್ನವೀರನ ಮೈಮೇಲೆ ಒಂದು ಹುಣ್ಣೂ ಇರಲಿಲ್ಲ, ವರದಿಯಲ್ಲಿ ಅದು ಯಶಸ್ಸು ಅಂತಲೇ ಹೋಗಬೇಕು ಅಂದರು. "ಉಸುರಿಂದು ಬ್ಯಾರೆ ಕೊರತಿ. ಅದಕ್ಕ ಬ್ಯಾರೆ ವಾಕ್ಯ ಬರೀರಿ. ಸ್ಟೂಲು ತಗೊಂಡು ವಾರ್ಡಿಗೆ ಹೋಗ್ರಿ, ಮೊದಲು ನೋಡ್ರಿ." ಹಂಗಿಸಿ ಅಂದದ್ದಲ್ಲ ಅದು, ಮನಸ್ಸಿನಿಂದಲೇ ಅಂದರು. ಹಾಸಿಗೆಯ ಜೊತೆ, ರೋಗಿಯ ಬೆನ್ನು ತಟ್ಟುತ್ತಿರಬೇಕು ಅಂತ ಒಂದು ಚೀಟಿ ಇಡಲು ಒಪ್ಪಿದರು. ದಾನೇಶ್ವರಿ ಎದ್ದು ಹೊರಗೆ ಬಂದಳು. ಆ ಮುನ್ನೂರು ಮನೆಗಳಲ್ಲಿ ಒಂದು ರಾತ್ರಿ ನಿದ್ದೆಗಾಗಿ ಕಾದಿರುವ ಹೆಂಗಸರು ಚೀಟಿ ಓದಿ ಏನು ಮಾಡುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು.

ಮಣ್ಣು, ಪೂಜೆ, ಪ್ರಸಾದ ಎಲ್ಲ ಮುಗಿದ ಮೇಲೆ ಹಾಸಿಗೆ ಮರಳಿ ತರಲು ಆಕೆ ಬೆಟಗೇರಿಗೆ ಹೋದಳು. ಕಸ್ತೂರಿ ಒಬ್ಬಳೇ ಹಿಂದಿನ ಕೋಣೆಯ ನೆಲದ ಮೇಲೆ ಕೂತಿದ್ದಳು. ದಾನೇಶ್ವರಿಗೆ ಚಾಪೆ ಹಾಸಿಕೊಟ್ಟಳು. ಬೈದರೆ ಬೈಸಿಕೊಳ್ಳಬೇಕು ಅಂತ ದಾನೇಶ್ವರಿ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು. ಬೈಗುಳ ಬರಲಿಲ್ಲ.

"ನಿಮ್ಮನ್ನ ಏನಂತ ಅನ್ನಲ್ರಿ ಅಕ್ಕಾರ. ಗಂಟಿ ತಗೀರಿ ಅಂದಾಕಿ ನಾನ. ಬೆನ್ನು ತಟ್ಟೂದು ಬಿಟ್ಟಾಕಿನೂ ನಾನ. ಅದು ಔಷಧ ಅಂತ ನನಗೇನು ಗೊತ್ತಿತ್ತು, ಕೈಗೆ ರೂಢಿ ಬಿದ್ದಿತ್ತು, ಅದಕ್ಕ ತಟ್ತಿದ್ದೆ. ಹಾಸಿಗಿ ಬಂದ ಮ್ಯಾಲೆ ನನಗ ಹಗುರಾತು, ಖರೇ ಹೇಳ್ತೀನಿ. ಭಾಳ ಹಗುರಾತು." ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದ ಮಾತು ಕೇಳಬೇಕಾಗೈತಿ. ಯಾವಾಗ ಹೋದ್ರು ಅನ್ನೂದು ಡಾಕ್ಟರಿಗೆ ತಿಳೀಲಿಲ್ಲ. ಹಾಸಿಗಿಗೆ ತಿಳದಿರ್ತೈತಿ ಅಂತ ಮೈದುನ ಅಂದ. ಅವತ್ತು ಮುಂಜಾಲೆ ನಾ ಬಾಗಲದಾಗ ನಿಂತು ಹೋಗಿ ಬರ್ತೀನ್ರಿ ಅಂದೆ. ತಡಾ ಆಗಿತ್ತು, ಒಳಗ ಬರಲಿಲ್ಲ. ಅವರು ಗ್ವಾಡಿ ಕಡೆ ಇದ್ರು, ಬೆನ್ನು ಕಾಣ್ತಿತ್ತು. ಆವಾಗ ಇದ್ರೇನ್ರಿ ಅವರು?"

ದಾರಿಯುದ್ದಕ್ಕೂ ದಾನೇಶ್ವರಿ ಇದನ್ನೇ ತಿರುವಿ ಹಾಕಿದ್ದಳು. ಇರಲಿಲ್ಲ, ನಸುಕಿನಲ್ಲೇ ನಿದ್ದೆಯಲ್ಲೇ ಹೋದರು ಅಂತ ಒಂದು ಸುಳ್ಳು ಹೇಳಿದರೆ ಈ ಹೆಂಗಸು ಉಳಿದ ಜೀವಮಾನ ನಿದ್ದೆ ಮಾಡಿಯಾಳು. ಆದರೆ ಈ ಮನೆಯಲ್ಲಿ ತಾನು ಸೋಸಿ ತೆಗೆದದ್ದು ಒಮ್ಮೆಗೇ ಸಾಕಾಗಿತ್ತು.

"ಇದ್ರು" ಅಂದಳು.

ಕಸ್ತೂರಿಯ ಮುಖ ಸಡಿಲವಾಯಿತು. ಕಣ್ಣು ತುಂಬಿ ಬಂದವು. ಹೇಳಿ ಹೋದೆ ಅನ್ನುವುದು ಒಂದಾದರೂ ಉಳಿಯಿತಲ್ಲ ಅಂತ ಇರಬೇಕು. ಸ್ವಲ್ಪ ಹೊತ್ತಿಗೆ ಆ ಮುಖ ಮತ್ತೆ ಬಿಗಿಯಿತು.

"ಆರಾಮ ಇದ್ರೇನು?"

ದಾನೇಶ್ವರಿ ತಲೆ ಅಲ್ಲಾಡಿಸಿದಳು. ಇಲ್ಲ.

ಕಸ್ತೂರಿ ಎದ್ದಳು, ಹಾಸಿಗೆಯ ಮೇಲಿನ ಧೂಳು ಕೈಯಿಂದ ಒರೆಸಿದಳು, ಅದರ ಮೇಲೆ ಮಲಗಿದಳು. ಕೈ ಎರಡೂ ಮೈಗೆ ಹಚ್ಚಿ, ಗಂಡ ಮಲಗುತ್ತಿದ್ದಂತೆಯೇ. "ಚಾಲೂ ಮಾಡ್ರಿ. ಗ್ವಾಡಿ ಕಡೆ ಹೊಳ್ಳಿಸಲಿ."

ದಾನೇಶ್ವರಿ ಗುಂಡಿ ಒತ್ತಿದಳು. ಹಾಸು ಸದ್ದಿಲ್ಲದೆ ಉಬ್ಬಿತು. ಕಸ್ತೂರಿಯನ್ನು ಭುಜದ ಕೆಳಗೆ, ಸೊಂಟದ ಕೆಳಗೆ ಮೆಲ್ಲಗೆ ಎತ್ತಿ, ಬಲು ಜತನದಿಂದ ಗೋಡೆಗೆ ಮುಖ ಮಾಡಿ ಮಲಗಿಸಿತು. ಇಷ್ಟು ಮೆತ್ತಗೆ ಆಕೆಯನ್ನು ಯಾರೂ ಎಂದೂ ಮುಟ್ಟಿರಲಿಕ್ಕಿಲ್ಲ. ಅವಳ ಬೆನ್ನು, ಜಡೆ ಅಷ್ಟೇ ಕಾಣುತ್ತಿದ್ದವು.

"ಈಗ ಬಾಗಲದಾಗ ನಿಂದ್ರಿ" ಅಂದಳು. "ನಿಂತು, ಹೋಗಿ ಬರ್ತೀನಿ ಅನ್ರಿ."

ದಾನೇಶ್ವರಿ ಬಾಗಿಲಿಗೆ ಹೋಗಿ ನಿಂತಳು. ಪಡಸಾಲೆಯಲ್ಲಿ ಮಕ್ಕಳ ಗದ್ದಲ, ಅಡಿಗೆಮನೆಯಲ್ಲಿ ಮಿಕ್ಸರಿನ ಸದ್ದು. ಅಲ್ಲಿಂದಲೇ, "ಹೋಗಿ ಬರ್ತೀನ್ರಿ" ಅಂದಳು.

ಗೋಡೆಯ ಕಡೆಯಿಂದ ಉತ್ತರ ಬಂತು. "ಕೇಳಸ್ತೈತ್ರಿ."

ಇನ್ನು ಏಳುತ್ತಾಳೆ ಅಂತ ದಾನೇಶ್ವರಿ ಬಂದ್ ಮಾಡಲು ಹೋದಳು.

"ಬಂದ್ ಮಾಡಬ್ಯಾಡ್ರಿ. ಅದಾಗೆ ಈ ಕಡೆ ಹೊಳ್ಳಿಸೂತನ ಹಿಂಗ ಇರ್ತೀನಿ."

ದಾನೇಶ್ವರಿ ಗುಂಡಿಯಿಂದ ಕೈ ತೆಗೆದು ಹೊಸ್ತಿಲ ಮೇಲೆ ಕೂತಳು. ಹಾಸಿಗೆಗೆ ಎರಡು ತಾಸಿಗೊಮ್ಮೆ ಹೊಳ್ಳಿಸು ಅಂತ ಬರೆಯಲು ಅವಳಿಗೆ ಅರೆಗಳಿಗೆ ಹಿಡಿದಿತ್ತು. ಬಿಸಿಲು ಕಿಟಕಿಯಿಂದ ಇಳಿದು ನೆಲದ ಮೇಲೆ ಸರಿಯತೊಡಗಿತು. ನಡುವೆ ಒಮ್ಮೆ ಗೌರವ್ವ ಗಂಜಿಯ ಪಾತ್ರೆ ತೊಳೆದುಕೊಂಡು ಅತ್ತ ಹಾದಳು, ದಾನೇಶ್ವರಿಯ ತಲೆಯ ಮೇಲಿಂದ ಇಣುಕಿ ಹಾಸಿಗೆಯ ಮೇಲಿನ ಬೆನ್ನು ನೋಡಿದಳು. ಸೊಸೆ ಮಲಗಿದ್ದಾಳೆ ಅಂದುಕೊಂಡು, ಸದ್ದಾಗದಂತೆ ಹೆಜ್ಜೆ ಇಡುತ್ತ ಅಡಿಗೆಮನೆಗೆ ಹೋದಳು.